ಎಳೆಗೂಸುಗಳ ಕೋಣೆಯ ಗೋಡೆ

ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡುವುದು ಅವಳಿಗೆ ಅಂಟಿದ ಚಟ. ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೂ, ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುವಾಗಲೂ, ಯಾರದೋ ಮನೆಗೆ ಸಾವಿಗೆಂದು ಹೋದಾಗಲೂ ಪಕ್ಕದ ಗೋಡೆಯನ್ನು ಟಕ್ ಟಕ್ ಎನಿಸಿ ಕಿವಿಗೊಡುತ್ತಿದ್ದಳು. ಗಟ್ಟಿ ಗೋಡೆ ಚುಟುಕಾಗಿ ಉತ್ತರ ಕೊಡುತ್ತದೆ, ಒಳಗೆ ಪೊಳ್ಳಾದದ್ದು ಮಾತು ಎಳೆಯುತ್ತದೆ ಅನ್ನುವುದು ಅವಳ ಅನುಭವ. ಹಳೆಯ ಕಟ್ಟಡಗಳನ್ನು ಬೀಳದಂತೆ ಉಳಿಸುವುದನ್ನೇ ಕಸುಬು ಮಾಡಿಕೊಂಡು ಮೂವತ್ತೊಂದು ವರ್ಷ ದುಡಿದ ಆರ್ಕಿಟೆಕ್ಟ್ ಅವಳು. ಊರಿನವರ ಬಾಯಲ್ಲಿ ಗೋಡೆ ಡಾಕ್ಟರ್. ಮನೆಯಲ್ಲಿ ಅಕ್ಕ ಮಾತ್ರ ಚಿಕ್ಕಂದಿನಲ್ಲಿ ಇಟ್ಟ ಹೆಸರನ್ನು ಇನ್ನೂ ಬಿಟ್ಟಿರಲಿಲ್ಲ: ಪಾದರಸ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿಗೆ ಇಟ್ಟ ಹೆಸರು ಐವತ್ತೈದಕ್ಕೂ ಸರಿಹೊಂದುತ್ತಿತ್ತು.

ಆ ಸೋಮವಾರ ಹಳೆಯ ಹೆರಿಗೆ ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ಅವಳು ಬಡಿದ ಗೋಡೆ ಮಾತು ಎಳೆಯಿತು.

ಪಕ್ಕದಲ್ಲಿ ನಗರಸಭೆಯ ಇಂಜಿನಿಯರ್ ನಿಂತಿದ್ದ. ನಲವತ್ತರ ಆಸುಪಾಸಿನವನು, ಮಾತಿನ ಮೊದಲಿಗೂ ಮೇಡಂ, ಕೊನೆಗೂ ಮೇಡಂ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಪ್ಲಾಸ್ಟರ್ ಉದುರಿದ ಕಡೆ ಇಟ್ಟಿಗೆಗೆ ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಕೆಂಪು ಪುಡಿ ಸುರಿದು ಅವನ ಬೂಟಿನ ಮೇಲೆ ಬಿತ್ತು.

"ನೋಡಿ ಮೇಡಂ. ನೂರಾಹದಿನೈದು ವರ್ಷ ಆಯ್ತು. ಇಟ್ಟಿಗೆಗೂ ಒಂದು ಆಯಸ್ಸು ಅಂತ ಇರತ್ತಲ್ಲ ಮೇಡಂ."

ಅವಳು ಪುಡಿಯನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡಿದಳು. ಒದ್ದೆ. ಹೊರಗೆ ಕಲ್ಲಿನ ಹಾಗೆ ಗಟ್ಟಿಯಾದ ಸಿಮೆಂಟ್ ಪ್ಲಾಸ್ಟರ್, ಅದರ ಹಿಂದೆ ಹಿಟ್ಟಾದ ಇಟ್ಟಿಗೆ. ಮೇಲೆ ಥಳಕು, ಒಳಗೆ ಹುಳುಕು.

ಎರಡು ವರ್ಷದ ಹಿಂದೆ ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋದ ಮೇಲೆ ಇದು ಬೀಗ ಹಾಕಿಕೊಂಡು ಬಿದ್ದಿತ್ತು. ಕೆಡವಿ ಕಾರು ನಿಲ್ಲಿಸುವ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಬೇಕು ಅನ್ನುವವರು ಕೆಲವರು, ಉಳಿಸಬೇಕು ಅನ್ನುವವರು ಕೆಲವರು. ಕೊನೆಗೆ ಎರಡೂ ಕಡೆಯವರು ಒಪ್ಪಿದ್ದು ಒಂದೇ ಮಾತಿಗೆ: ಗೋಡೆ ಡಾಕ್ಟರ್ ಏನು ಬರೆದುಕೊಡುತ್ತಾರೋ ಹಾಗೆ. ಶುಕ್ರವಾರ ನಗರಸಭೆಯ ಸಮಿತಿ ಕೂರುವುದಿತ್ತು.

ಬಾಗಿಲ ಹತ್ತಿರ ಗೋಡೆಗೆ ಒಂದು ಹಿತ್ತಾಳೆ ಫಲಕ ಬಡಿದಿದ್ದರು. ಜೀರ್ಣೋದ್ಧಾರ ಎಂದು ದೊಡ್ಡಕ್ಷರದಲ್ಲಿ, ಅದರ ಕೆಳಗೆ ಇಸವಿ, ಅದರ ಕೆಳಗೆ ಅವಳ ಹೆಸರು. ಇಂಜಿನಿಯರ್ ಅದನ್ನು ಕಂಡವನೇ ಕರವಸ್ತ್ರ ತೆಗೆದು ಒರೆಸಿದ. ಬೂಟಿನ ಮೇಲಿನ ಪುಡಿಯನ್ನು ಹಾಗೇ ಬಿಟ್ಟಿದ್ದವನು ಅವಳ ಹೆಸರನ್ನು ಮಾತ್ರ ಎರಡೆರಡು ಸಲ ಒರೆಸಿದ.

"ಯಾರೂ ನೋಡಿಕೊಳ್ಳೋದೇ ಇಲ್ಲ ಮೇಡಂ. ನಿಮ್ಮ ಮೊದಲ ಕೆಲಸ ಅಲ್ವಾ ಇದು? ನಿಮ್ಮಿಂದ ಮೂವತ್ತು ವರ್ಷ ಹೆಚ್ಚು ಬದುಕಿತು ಅಂತಲೇ ವರದೀಲಿ ಬರೆಯೋಣ ಮೇಡಂ."

ಅವನು ಗೌರವದಿಂದಲೇ ಹೇಳಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಮಾತ್ರ ತಾನಾಗಿ ಸೆರಗಿನ ಕಡೆ ಹೋಯಿತು.

ಆ ಜೀರ್ಣೋದ್ಧಾರದ ಕಾಲಕ್ಕೆ ಅವಳಿಗೆ ಇಪ್ಪತ್ನಾಲ್ಕು. ಕಾಲೇಜಿನಿಂದ ಹೊರಬಿದ್ದು ಇನ್ನೂ ವರ್ಷವಾಗಿರಲಿಲ್ಲ. ಉದ್ಘಾಟನೆಯ ತಾರೀಖು ಮೊದಲೇ ಗೊತ್ತಾಗಿತ್ತು. ಸುಣ್ಣದ ಗಾರೆ ಅಂದರೆ ವಾರಗಟ್ಟಲೆ ಗುಂಡಿಯಲ್ಲಿ ನೆನೆಯಬೇಕು, ತೆಳ್ಳಗೆ ಒಂದು ಪದರ ಬಳಿಯಬೇಕು, ಅದು ಒಣಗಬೇಕು, ಆಮೇಲೆ ಇನ್ನೊಂದು. ಸಿಮೆಂಟ್ ಆದರೆ ಇವತ್ತು ಕಲಸಿದ್ದು ನಾಳೆಗೆ ಕಲ್ಲು. ಮೇಸ್ತ್ರಿ ಒಂದೇ ಒಂದು ಸಲ ಹೇಳಿದ್ದ: "ಅಮ್ಮಾ, ಈ ಗೋಡೆ ಸುಣ್ಣದಲ್ಲೇ ಹುಟ್ಟಿ ಬೆಳೆದದ್ದು. ಸಿಮೆಂಟ್ ಮೆತ್ತಿದ್ರೆ ಮೂಗು ಬಾಯಿ ಕಟ್ಟಿದ ಹಾಗಾಗತ್ತೆ. ನೆಲದ ತೇವ ಮೇಲೆ ಹತ್ತತ್ತೆ, ಹೊರಗೆ ಹೋಗೋಕೆ ದಾರಿ ಇರಲ್ಲ."

ಅವಳು ಕೊಟ್ಟ ಉತ್ತರ ಅವಳಿಗೆ ಅಕ್ಷರಕ್ಕಕ್ಷರ ನೆನಪಿತ್ತು: "ಮೇಸ್ತ್ರಿಗಳೇ, ಗೋಡೆ ಕಟ್ಟೋದು ನಿಮಗೆ ಗೊತ್ತಿರಬಹುದು. ಗೋಡೆಗೆ ಏನು ಬೇಕು ಅನ್ನೋದನ್ನ ನಾನು ಓದಿಕೊಂಡು ಬಂದಿದೀನಿ."

ಐದು ವರ್ಷದ ಮೇಲೆ ಬೇರೊಂದು ಕಡೆ ಒಂದು ಹಳೆಯ ಗಿರಣಿಯ ಗೋಡೆ ಬಿಚ್ಚಿಸಿದಾಗ, ಸಿಮೆಂಟಿನ ಹಿಂದೆ ಹಿಟ್ಟಾಗಿದ್ದ ಇಟ್ಟಿಗೆ ಕಂಡು ಅವಳಿಗೆ ಮೇಸ್ತ್ರಿಯ ಮಾತು ಅರ್ಥವಾಯಿತು. ಅಂದಿನಿಂದ ಸುಣ್ಣ ಬಿಟ್ಟು ಇನ್ನೊಂದನ್ನು ಹಳೆಯ ಗೋಡೆಗೆ ಮುಟ್ಟಿಸಲಿಲ್ಲ. ಕಾಲೇಜುಗಳಲ್ಲಿ ಪಾಠ ಹೇಳಿದಳು, ಸಭೆಗಳಲ್ಲಿ ಜಗಳ ಆಡಿದಳು. ಆ ಸಭೆಗಳಲ್ಲೆಲ್ಲ ತೋರಿಸುತ್ತಿದ್ದ ಮೊದಲ ಫೋಟೊ ಇದೇ ಆಸ್ಪತ್ರೆಯದು, ಉದ್ಘಾಟನೆಯ ದಿನದ್ದು, ಬೆಳ್ಳಗೆ ಹೊಳೆಯುತ್ತಿದ್ದದ್ದು. ಕಟ್ಟಡವನ್ನು ಮಾತ್ರ ಮತ್ತೆ ಹೋಗಿ ನೋಡಲಿಲ್ಲ. ಇಪ್ಪತ್ತಾರು ವರ್ಷ, ಆಸ್ಪತ್ರೆಯ ರಸ್ತೆ ಬಂದರೆ ಆಟೋದವನಿಗೆ "ಆ ಕಡೆಯಿಂದ ಹೋಗಿ, ಇಲ್ಲಿ ಟ್ರಾಫಿಕ್ ಜಾಸ್ತಿ" ಅನ್ನುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

"ಇನ್ನೊಂದು ಕೋಣೆ ಇದೆ ಮೇಡಂ, ಕೊನೇಲಿ. ಎಳೆ ಮಕ್ಕಳನ್ನ ಇಡ್ತಿದ್ದದ್ದು," ಅಂದ ಇಂಜಿನಿಯರ್. ತುಕ್ಕು ಹಿಡಿದ ಬೀಗ ತೆರೆದುಕೊಟ್ಟು, ಮೊಬೈಲ್ ರಿಂಗಾಯಿತೆಂದು ಹೊರಗೆ ಹೋದ.

ಚಿಕ್ಕ ಕೋಣೆ. ತೊಟ್ಟಿಲುಗಳ ಕಾಲು ಊರಿದ್ದ ಗುರುತು ನೆಲದ ಮೇಲೆ ಇನ್ನೂ ಸಾಲಾಗಿತ್ತು. ಅವಳು ಅಭ್ಯಾಸಬಲದಿಂದ ಗೋಡೆ ಬಡಿದಳು.

ಟಕ್. ಅಷ್ಟೇ.

ಇನ್ನೊಂದು ಕಡೆ ಬಡಿದಳು. ಟಕ್. ಅಂಗೈ ಊರಿದಳು. ಒಣಗಿತ್ತು, ಒಣಗಿದ್ದಷ್ಟೇ ಅಲ್ಲ, ಬೆಚ್ಚಗಿತ್ತು. ಇಂಜಿನಿಯರ್ ವಾರ್ಡಿನ ಕಿಟಕಿಯಲ್ಲಿ ಬಿಟ್ಟುಹೋಗಿದ್ದ ಸ್ಕ್ರೂಡ್ರೈವರ್ ತಂದು ಮೂಲೆಯಲ್ಲಿ ಬಣ್ಣ ಕೆರೆದು ಒತ್ತಿದಳು. ತುದಿ ಉಗುರಿನಷ್ಟೂ ಇಳಿಯಲಿಲ್ಲ. ಬಣ್ಣದ ಕೆಳಗೆ ಕಂಡದ್ದು ಬೂದು ಸಿಮೆಂಟಲ್ಲ. ಬಿಳಿ. ಸುಣ್ಣದ ಗಾರೆ.

ಅವಳ ನಕ್ಷೆಯಲ್ಲಿ ಈ ಕೋಣೆಗೂ ಸಿಮೆಂಟೇ ಇತ್ತು. ಬರೆದದ್ದು ಅವಳೇ.

ಅದೇ ನೆಲ, ಅದೇ ಗೂಡಿನಲ್ಲಿ ಸುಟ್ಟ ಇಟ್ಟಿಗೆ, ಅದೇ ನೂರಾಹದಿನೈದು ವರ್ಷ. ಇಲ್ಲಿ ಗೋಡೆ ಗಟ್ಟಿ, ಹತ್ತು ಹೆಜ್ಜೆ ಆಚೆ ಹಿಟ್ಟು. ಹಾಗಾದರೆ ಇಟ್ಟಿಗೆಯ ಆಯಸ್ಸು ಮುಗಿದಿಲ್ಲ. ಸಿಮೆಂಟ್ ಕಿತ್ತು, ಕೊಳೆತ ಇಟ್ಟಿಗೆಗಳನ್ನು ಒಂದೊಂದಾಗಿ ಬದಲಿಸಿ, ಸುಣ್ಣ ಬಳಿದರೆ ಕಟ್ಟಡ ನಿಲ್ಲುತ್ತದೆ. ಇದನ್ನು ಸಾಬೀತು ಮಾಡಲು ಈ ಕೋಣೆಯೊಂದು ಸಾಕು. ಆದರೆ ಈ ಕೋಣೆಯ ಮಾತೆತ್ತಿದರೆ, ಉಳಿದದ್ದೆಲ್ಲ ಯಾಕೆ ಹಾಳಾಯಿತು, ಹಾಳು ಮಾಡಿದವರು ಯಾರು ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ. ಉತ್ತರ ಬಾಗಿಲ ಹತ್ತಿರ ಹಿತ್ತಾಳೆಯಲ್ಲಿ ಕೆತ್ತಿದೆ, ಈಗ ತಾನೇ ಒರೆಸಿದೆ.

"ಇದೂ ಹಾಗೇ ಅಲ್ವಾ ಮೇಡಂ?" ಬಾಗಿಲಲ್ಲಿ ಇಂಜಿನಿಯರ್ ಕೇಳಿದ.

"ನೋಡ್ತೀನಿ," ಅಂದಳು. "ವರದೀಲಿ ಬರೀತೀನಿ."

*

ಮನೆಯಲ್ಲಿ ಅಕ್ಕ ಬಟಾಣಿ ಸುಲಿಯುತ್ತಿದ್ದಳು. ಅದೇ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ನಾಲ್ಕು ವರ್ಷ ನರ್ಸ್ ಆಗಿ ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆಗಿದ್ದಳು. ತಂಗಿ ಮದುವೆಯಾಗಿರಲಿಲ್ಲ, "ಗೋಡೆಗಳನ್ನೇ ಕಟ್ಟಿಕೊಂಡಿದಾಳೆ" ಅನ್ನುವುದು ಅಕ್ಕನ ಹಳೇ ಜೋಕು.

ತಂಗಿ ಬಂದವಳು ಚಪ್ಪಲಿ ಬಿಟ್ಟಳು, ಮತ್ತೆ ಹಾಕಿದಳು, ಅಂಗಳಕ್ಕೆ ಹೋದಳು, ಬಂದಳು, ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಕುಡಿಯದೆ ಇಟ್ಟಳು.

"ಏನೇ, ಕಾಲಿಗೆ ಚಕ್ರ ಕಟ್ಟಿಕೊಂಡಿದೀಯಾ? ಕೂತ್ಕೋ ಒಂದು ನಿಮಿಷ. ನನಗೆ ತಲೆ ತಿರುಗ್ತಿದೆ."

"ಅಕ್ಕಾ, ಎಳೆಗೂಸುಗಳ ಕೋಣೆಗೆ ಸುಣ್ಣ ಬಳಿದವರು ಯಾರು?"

ಬಟಾಣಿ ಸುಲಿಯುವ ಕೈ ನಿಂತಿತು. ಅಕ್ಕ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಮೂವತ್ತೊಂದು ವರ್ಷ ಬೇಕಾಯ್ತಾ ನಿನಗೆ ಕೇಳೋಕೆ? ನಿನಗೆ ಕಾಮಾಲೆ ಬಂದು ಮೂರು ವಾರ ಮಲಗಿದ್ದೆ, ನೆನಪಿದೆಯಾ? ಆಗ ಮೇಸ್ತ್ರಿ ನನ್ನ ಹತ್ತಿರ ಬಂದ. 'ಸಿಸ್ಟರಮ್ಮಾ, ಅಮ್ಮಾವ್ರು ಬೇಡ ಅನ್ನೋ ಮೊದಲೇ ಸುಣ್ಣ ನೆನೆಹಾಕಿಬಿಟ್ಟಿದ್ದೆ. ಚೆಲ್ಲೋಕೆ ಮನಸ್ಸು ಬರ್ತಿಲ್ಲ. ಒಂದು ಕೋಣೆಗಾಗುವಷ್ಟಿದೆ. ಕೂಸುಗಳ ಕೋಣೆ ಮಾಡಿಬಿಡ್ಲಾ? ಸಿಮೆಂಟ್ ಗೋಡೆ ಬೆವರ್ತದೆ, ಪಾಪ, ಮಕ್ಕಳಿಗೆ ಶೀತ' ಅಂದ. ಕೆಲಸ ಮುಗಿದ ಮೇಲೆ ಅವನೂ ಅವನ ಹೆಂಡತಿಯೂ ದಿನಾ ಎರಡು ಗಂಟೆ ಹೆಚ್ಚಿಗೆ ನಿಂತು ಬಳಿದ್ರು. ಒಳಗೂ ಹೊರಗೂ. ನಾನು ಕೂಸುಗಳನ್ನ ಪಕ್ಕದ ಕೋಣೇಲಿ ಇಟ್ಕೊಂಡಿದ್ದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ದೆ?"

ಅವಳು ಯೋಚಿಸಿದಳು. "ಕೀಳಿಸ್ತಿದ್ದೆ."

"ಹ್ಞಾಂ," ಅಂದಳು ಅಕ್ಕ. "ಹತ್ತು ವರ್ಷದ ಹಿಂದೆ ನಾನೇ ಹೇಳಿದ್ದೆ, ವಾರ್ಡಿನಲ್ಲಿ ಬಣ್ಣ ಹೊಪ್ಪಳೆ ಹೊಪ್ಪಳೆ ಏಳ್ತಿದೆ ಕಣೇ ಅಂತ. ನೀನು ಬಟ್ಟೆ ಒಣಗಿದೆಯಾ ನೋಡ್ತೀನಿ ಅಂತ ಎದ್ದುಹೋದೆ. ಅವತ್ತೇ ನನಗೆ ಗೊತ್ತಾಯ್ತು, ನಿನಗೂ ಗೊತ್ತಿದೆ ಅಂತ."

*

ಮಂಗಳವಾರ ಮೇಸ್ತ್ರಿಯ ಮನೆ ಹುಡುಕಿಕೊಂಡು ಹೋದಳು. ಮಗಳ ಮನೆಯ ಮುಂದಿನ ಕೋಣೆಯಲ್ಲಿ ಇದ್ದ. ಎಂಬತ್ತಕ್ಕೆ ಒಂದು ಕಡಿಮೆ, ಹೆಂಡತಿ ಇಲ್ಲ, ಕಣ್ಣು ಮಂಜು. ಬೆರಳುಗಳು ಮಾತ್ರ ಇನ್ನೂ ಗಾರೆ ಮೆತ್ತುವ ಕರಣೆ ಹಿಡಿದ ಹಾಗೆ ಬಾಗಿದ್ದವು. ಅವಳ ದನಿ ಕೇಳಿದ್ದೇ ಎದ್ದು ನಿಲ್ಲಲು ನೋಡಿದ.

"ಕೂತ್ಕೊಳ್ಳಿ ಮೇಸ್ತ್ರಿಗಳೇ."

"ನೀವು ಕೂತ್ರೆ ನಾನು ಕೂರ್ತೀನಿ. ನೀವು ಯಾವಾಗ್ಲೂ ಕೂರಲ್ಲ, ಅದೇ ತೊಂದರೆ." ನಕ್ಕ. ಬಾಯಲ್ಲಿ ಎರಡೇ ಹಲ್ಲು. "ಮಗಳೇ, ಗೋಡೆ ಡಾಕ್ಟರಮ್ಮ ಬಂದಿದಾರೆ, ಚಹಾ ಮಾಡು. ಸಕ್ಕರೆ ನನ್ನ ಪಾಲಿಂದೂ ಅವರಿಗೇ ಹಾಕು, ನನಗೆ ಹೆಂಗೂ ಕೊಡಲ್ವಲ್ಲ ನೀನು."

ಚಹಾ ಬಂತು. ಅವಳು ಕಂಡದ್ದನ್ನೆಲ್ಲ ಹೇಳಿದಳು. ಉದ್ದನೆಯ ವಾರ್ಡು, ಹಿಟ್ಟಾದ ಇಟ್ಟಿಗೆ, ಕೊನೆಯ ಕೋಣೆ, ಶುಕ್ರವಾರದ ಸಮಿತಿ. ಮೇಸ್ತ್ರಿ ಲೋಟ ಹಿಡಿದು ಕೇಳಿದ. ಕೂಸುಗಳ ಕೋಣೆ ಬೆಚ್ಚಗಿದೆ ಅಂದಾಗ ತಲೆ ಅಲ್ಲಾಡಿಸಿದ, ಊರಿಂದ ಯಾರೋ ಚೆನ್ನಾಗಿದಾರೆ ಅನ್ನುವ ಸುದ್ದಿ ಕೇಳಿದವರ ಹಾಗೆ.

"ನಿಮ್ಮ ಮಾತು ಕೇಳಬೇಕಿತ್ತು," ಅಂದಳು.

"ಕೇಳಬೇಕಿತ್ತು," ಅಂದ ಅವನೂ, ಸುಳ್ಳು ಮರ್ಯಾದೆ ಮಾಡದೆ. "ನಾನೂ ಇನ್ನೊಂದು ಸಲ ಹೇಳಬೇಕಿತ್ತು. ಒಂದೇ ಸಲ ಹೇಳಿ ಸುಮ್ಮನಾದೆ. ನನಗೂ ಸಿಟ್ಟು ಬಂದಿತ್ತಮ್ಮಾ. ಮಾಡ್ಕೊಂಡು ಸಾಯ್ಲಿ ಅಂದ್ಕೊಂಡೆ."

ಅವಳಿಗೆ ನಗು ಬಂತು.

ಮೇಸ್ತ್ರಿ ಲೋಟವನ್ನು ಕೆಳಗಿಟ್ಟು, ಇಟ್ಟ ಜಾಗವನ್ನು ಕೈಯಿಂದ ಮುಟ್ಟಿ ಖಾತ್ರಿ ಮಾಡಿಕೊಂಡ. "ಒಂದು ಮಾತು ಹೇಳ್ತೀನಿ. ನೀವು ಸುಣ್ಣ ಅಂತ ಹೇಳಿದ್ರಿ, ಮೇಸ್ತ್ರಿ ಮೈಗಳ್ಳತನಕ್ಕೆ ಸಿಮೆಂಟ್ ಹಾಕಿದ ಅಂತ ಬರೆದುಬಿಡಿ. ಕೂಸುಗಳ ಕೋಣೆ ಮಾತ್ರ ನೀವು ಹೇಳಿದ ಹಾಗೆ ಮಾಡಿದ ಅಂತ. ನನಗೀಗ ಯಾರು ಕೆಲಸ ಕೊಡಬೇಕು, ಯಾರು ಬಿಡಿಸಬೇಕು? ನೀವು ಹಾಗಲ್ಲ. ನಿಮ್ಮ ಮಾತಿನ ಮೇಲೆ ಇನ್ನೂ ಹತ್ತು ಕಟ್ಟಡ ನಿಂತಿವೆ. ನಿಮ್ಮ ಹೆಸರು ಕೆಟ್ಟರೆ ಅವನ್ನ ಯಾರು ಕಾಯ್ತಾರೆ?"

ಬಾಗಿಲಲ್ಲಿ ನಿಂತಿದ್ದ ಮಗಳು ಅಪ್ಪನನ್ನೂ ನೋಡಿದಳು, ಅವಳನ್ನೂ ನೋಡಿದಳು. ಖಾಲಿ ಲೋಟಗಳನ್ನು ತಗೊಂಡು ಒಳಗೆ ಹೋದಳು.

ಹತ್ತು ಕಟ್ಟಡದ ಮಾತು ಸುಳ್ಳಾಗಿರಲಿಲ್ಲ. ಅದೇ ಕಷ್ಟವಾಗಿದ್ದು. ಹಳೇ ಅಂಚೆ ಕಚೇರಿ, ನೀರಿನ ಗೋಪುರ, ಹೊಳೆಯ ಮೇಲಿನ ಕಲ್ಲಿನ ಸೇತುವೆ, ಎಲ್ಲ ಕಡೆಯೂ ಕೆಡವಲು ಕಾದು ಕೂತವರಿದ್ದರು. "ಅವರೇ ಒಂದು ಆಸ್ಪತ್ರೆ ಹಾಳು ಮಾಡಿದವರು" ಅನ್ನುವ ಒಂದು ಮಾತು ಸಿಕ್ಕರೆ ಅವರಿಗೆ ಸಾಕಿತ್ತು.

ಬುಧವಾರ ಅವಳು ಎರಡು ವರದಿ ಬರೆದಳು. ಮೊದಲನೆಯದರಲ್ಲಿ ಮೇಸ್ತ್ರಿ ಹೇಳಿಕೊಟ್ಟದ್ದಿತ್ತು. 'ಕೆಲಸಗಾರರ ಲೋಪದಿಂದ' ಎಂಬ ಎರಡು ಪದ ಸಾಕಾಗಿದ್ದವು. ಎಷ್ಟು ಸಲೀಸಾಗಿ ಬಂದುಬಿಟ್ಟವು! ಇಂಥ ಎಷ್ಟು ವರದಿಗಳಲ್ಲಿ ಈ ಎರಡು ಪದ ಓದಿಲ್ಲ ತಾನು, ಎಷ್ಟು ಮೇಸ್ತ್ರಿಗಳು ಅದರ ಕೆಳಗೆ ಮುಚ್ಚಿಹೋಗಿರಬಹುದು ಅನ್ನಿಸಿತು. ಎದ್ದು ಅಂಗಳದಲ್ಲಿ ಓಡಾಡಿದಳು. ಬಂದು ಇನ್ನೊಂದು ಬರೆದಳು. ಅದರಲ್ಲಿ ಇದ್ದದ್ದು ಇದ್ದ ಹಾಗೆ ಇತ್ತು. ಓದಿದಳು. ಮತ್ತೆ ಎದ್ದಳು. ಮನೆಯ ನಾಲ್ಕೂ ಗೋಡೆ ಬಡಿದಳು.

"ಅವೇನು ಮಾಡಿವೆ ಪಾಪ," ಅಂದಳು ಒಳಗಿನಿಂದ ಅಕ್ಕ.

ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ. ಗುರುವಾರ ಮಧ್ಯಾಹ್ನದವರೆಗೂ ಎರಡೂ ಮೇಜಿನ ಮೇಲೇ ಇದ್ದವು. ಊಟಕ್ಕೆ ಕೂತವಳು ತಟ್ಟೆ ಬಿಟ್ಟು ಎದ್ದುಹೋಗಿ ಮೊದಲನೆಯದನ್ನು ಹರಿದಳು. ನಾಲ್ಕು ಚೂರು ಮಾಡಿದ ಮೇಲೂ ಸಮಾಧಾನವಾಗದೆ ಎಂಟು ಮಾಡಿದಳು. ಎರಡನೆಯದರ ಒಂದು ಪ್ರತಿಯನ್ನು ಇಂಜಿನಿಯರ್‌ಗೆ ಕಳಿಸಿಬಿಟ್ಟಳು, ತನ್ನ ಮನಸ್ಸು ಬದಲಾಗುವ ಮೊದಲೇ. ಈ ಸಾರಿ ಅವಸರವೇ ಅವಳ ಕೈಹಿಡಿಯಿತು.

ಸಂಜೆ ನೋಡಿದರೆ ಅಕ್ಕ ಮಾರನೆಯ ದಿನಕ್ಕೆ ಅವಳ ನೀಲಿ ಹತ್ತಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಮೊಣಕೈ ನೋವೆಂದು ತಿಂಗಳಿಂದ ಇಸ್ತ್ರಿ ಪೆಟ್ಟಿಗೆ ಮುಟ್ಟಿರದವಳು. ಯಾವ ವರದಿ ಉಳಿಯಿತು ಅಂತ ಕೇಳಲಿಲ್ಲ. ಕಸದ ಬುಟ್ಟಿಯಲ್ಲಿ ನೋಡಿದ್ದಳೋ ಏನೋ.

*

ಸಮಿತಿಯ ಕೋಣೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು, ಕಾಗದಗಳು ಹಾರಾಡುತ್ತಿದ್ದವು. ಅವಳು ನಿಂತೇ ಓದಿದಳು. ಕೂಸುಗಳ ಕೋಣೆಯ ಗೋಡೆ ಯಾಕೆ ಗಟ್ಟಿ, ಉಳಿದದ್ದು ಯಾಕೆ ಹಿಟ್ಟು, ಸುಣ್ಣ ಬೇಕೆಂದು ಹೇಳಿದವರು ಯಾರು, ಬೇಡವೆಂದವರು ಯಾರು.

ಓದಿ ಮುಗಿಸಿದಾಗ ಅಧ್ಯಕ್ಷರು ಕನ್ನಡಕ ತೆಗೆದರು. "ಅಂದ್ರೆ, ತಪ್ಪು ಯಾರದು ಅಂತೀರಿ?"

"ನನ್ನದು. ನಕ್ಷೆ ನನ್ನದು, ಸಹಿ ನನ್ನದು, ಅವಸರ ನನ್ನದು. ಗೊತ್ತಾದ ಮೇಲೆ ಇಪ್ಪತ್ತಾರು ವರ್ಷ ಬಾಯಿ ಬಿಡದೆ ಇದ್ದದ್ದೂ ನನ್ನದೇ."

"ಡಾಕ್ಟರೇ ವಿಷ ಕೊಟ್ಟ ಹಾಗಾಯ್ತು!" ಅಂದ, ಕಾರು ನಿಲ್ದಾಣದ ಪರವಾಗಿದ್ದ ಸದಸ್ಯ. ಮೂರ್ನಾಲ್ಕು ಜನ ನಕ್ಕರು. "ಅವತ್ತು ಹೇಳಿದ್ದು ತಪ್ಪು ಅಂದ್ರೆ, ಇವತ್ತು ಹೇಳ್ತಿರೋದು ಸರಿ ಅಂತ ಹೇಗೆ ನಂಬೋದು ಮೇಡಂ?"

ಅವಳು ಕೈಲಿದ್ದ ಕಾಗದದ ಅಂಚು ಮಡಚಿದಳು, ಬಿಡಿಸಿದಳು.

"ಅವರನ್ನ ನಂಬಬೇಕಾಗಿಲ್ಲ ಸರ್." ಹಿಂದಿನ ಕುರ್ಚಿಯಿಂದ ಎದ್ದವನು ಇಂಜಿನಿಯರ್. "ನಾನು ಬೆಳಗ್ಗೆ ಏಳಕ್ಕೇ ಹೋಗಿ ನೋಡಿ ಬಂದೆ. ವಾರ್ಡಿನಲ್ಲಿ ಹತ್ತು ಕಡೆ ಸ್ಕ್ರೂಡ್ರೈವರ್ ಒತ್ತಿದೆ, ಹತ್ತೂ ಕಡೆ ಹಿಡಿಯವರೆಗೂ ಹೋಯ್ತು. ಆ ಕೋಣೆಯಲ್ಲೂ ಹತ್ತು ಕಡೆ ಒತ್ತಿದೆ. ಒಂದು ಕಡೆಯೂ ಹೋಗಲಿಲ್ಲ. ಕೊನೇಲಿ ಸ್ಕ್ರೂಡ್ರೈವರೇ ಬಾಗಿತು." ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ತುದಿ ನಿಜಕ್ಕೂ ಸೊಟ್ಟಗಾಗಿತ್ತು. ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ, "ಇಟ್ಟಿಗೆ ಆಯಸ್ಸಿನ ಮಾತು ನನ್ನ ತಪ್ಪು ಮೇಡಂ," ಅಂದ.

ಒಂದೂವರೆ ಗಂಟೆ ವಾದವಾಯಿತು. ಕೊನೆಗೆ ಹೊರಬಿದ್ದದ್ದು ಇಷ್ಟು: ಕೆಡವುವುದು ಒಂದು ವರ್ಷ ತಡೆಯಲಿ. ಉದ್ದನೆಯ ವಾರ್ಡಿನ ಒಂದು ಗೋಡೆಯ ಸಿಮೆಂಟ್ ಕಿತ್ತು, ಇಟ್ಟಿಗೆ ಬದಲಿಸಿ, ಸುಣ್ಣ ಬಳಿದು ನೋಡಲಿ. ಒಣಗಿ ಗಟ್ಟಿಯಾದರೆ ಉಳಿದದ್ದಕ್ಕೂ ಅದೇ ಮದ್ದು. ಆಗದಿದ್ದರೆ ಕಾರು ನಿಲ್ದಾಣ. ಕೆಲಸದ ಮುಂದಾಳತ್ವ ಮಾತ್ರ ಬೇರೆಯವರಿಗೆ, ಅವಳಿಗಲ್ಲ. ಹಳೇ ಅಂಚೆ ಕಚೇರಿಯ ಕೆಲಸವನ್ನೂ "ಸದ್ಯಕ್ಕೆ" ಬೇರೆಯವರು ನೋಡಿಕೊಳ್ಳಲಿ ಎಂದರು ಅಧ್ಯಕ್ಷರು, ಅವಳ ಮುಖ ನೋಡದೆ.

ಮೇಸ್ತ್ರಿ ಹೆದರಿದ್ದು ನಿಜವಾಯಿತು. ಹತ್ತು ಕಟ್ಟಡಗಳಲ್ಲಿ ಒಂದು ಅಲ್ಲೇ ಕೈತಪ್ಪಿತು.

*

ಗೋಡೆ ಬಿಚ್ಚುವ ದಿನ ಅವಳು ಕರೆಯದೆಯೇ ಹೋದಳು. ಯಾವಾಗಲೂ ಕರೆದೊಯ್ಯುತ್ತಿದ್ದ ಆಟೋದವನು ಅಭ್ಯಾಸದಂತೆ ಬಳಸು ದಾರಿಗೆ ತಿರುಗಿಸಲು ಹೋದಾಗ, "ನೇರ ಹೋಗಿ," ಅಂದಳು. ಹೊಸ ಆರ್ಕಿಟೆಕ್ಟ್ ಅವಳ ಹಳೇ ವಿದ್ಯಾರ್ಥಿನಿ. ಎದ್ದು ಕುರ್ಚಿ ಬಿಟ್ಟುಕೊಡಲು ನೋಡಿದಳು. "ಬೇಡಮ್ಮ, ನಾನು ಕೂರೋಳಲ್ಲ," ಅಂದಳು ಇವಳು. ಇಂಜಿನಿಯರ್ ಹೊಸ ಸ್ಕ್ರೂಡ್ರೈವರ್ ತಂದು ಹಿತ್ತಾಳೆ ಫಲಕದ ತಿರುಪು ಬಿಚ್ಚಿದ. ಅವಳೇ ಕೇಳಿಕೊಂಡಿದ್ದಳು. ಫಲಕ ತೆಗೆದ ಜಾಗದಲ್ಲಿ ಒದ್ದೆಯ ಚೌಕ ಉಳಿಯಿತು. ಫಲಕವನ್ನು ಅವನು ಹಳೇ ಪತ್ರಿಕೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ, ಬಿಸಾಡುವ ವಸ್ತುವಿನ ಹಾಗಲ್ಲ, ಎರಡೂ ಕೈಯಿಂದ.

ಮೇಸ್ತ್ರಿಯನ್ನು ಅವನ ಮಗಳು ಕರೆದುಕೊಂಡು ಬಂದಳು. ಕಣ್ಣು ಕಾಣದಿದ್ದರೇನು, ಗುಂಡಿಯಲ್ಲಿ ನೆನೆದ ಸುಣ್ಣವನ್ನು ಎರಡು ಬೆರಳ ನಡುವೆ ತಿಕ್ಕಿ "ಇನ್ನೂ ಮೂರು ದಿನ" ಅನ್ನುತ್ತಿದ್ದ. ಮೂರು ದಿನವೇ ಬೇಕಾಗುತ್ತಿತ್ತು.

ಗೋಡೆಗೆ ಮೊದಲ ಪದರ ಬಿದ್ದು ಈಗ ಐದು ವಾರ. ಅವಳು ದಿನಾ ಬೆಳಗ್ಗೆ ಬರುತ್ತಾಳೆ. ಅಂಗೈ ಊರುತ್ತಾಳೆ. ತಣ್ಣಗಿರುತ್ತದೆ. ನಿನ್ನೆಗಿಂತ ಕಡಿಮೆಯೋ, ಅಷ್ಟೇಯೋ, ಹೇಳಲಾಗುವುದಿಲ್ಲ. ಕೂಸುಗಳ ಕೋಣೆಗೆ ಹೋಗಿ ಅಲ್ಲೊಮ್ಮೆ ಊರಿ ಬರುತ್ತಾಳೆ. ಮತ್ತೆ ಇಲ್ಲಿ. ಹತ್ತು ಹೆಜ್ಜೆ ಅಲ್ಲಿಗೆ, ಹತ್ತು ಹೆಜ್ಜೆ ಇಲ್ಲಿಗೆ.

ಇವತ್ತು ಬೆರಳ ಗೆಣ್ಣು ತಾನಾಗಿ ಮೇಲೆದ್ದಿತು.

"ಬಡೀಬೇಡಿ ಅಮ್ಮಾ," ಅಂದ ಮೇಸ್ತ್ರಿ, ಬಾಗಿಲ ಹತ್ತಿರದ ಕುರ್ಚಿಯಿಂದ. ಅವನಿಗೆ ಕಂಡಿರಲು ಸಾಧ್ಯವಿರಲಿಲ್ಲ. ಹೆಜ್ಜೆ ನಿಂತದ್ದು ಕೇಳಿಸಿರಬೇಕು. "ಹಸೀ ಗೋಡೆ. ಸಾಲದ್ದಕ್ಕೆ ನಿಮ್ಮ ಮೇಲೆ ಅದಕ್ಕೆ ಮೊದಲೇ ಸಿಟ್ಟಿದೆ."

"ಇನ್ನೆಷ್ಟು ದಿನ ಮೇಸ್ತ್ರಿಗಳೇ?"

"ಅದು ಹೇಳತ್ತೆ. ನೀವು ಕೇಳಬೇಡಿ."

ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯ ಮುಂದೆ ನಿಂತಳು. ಎಡಗೈ ಬಲಗೈಯನ್ನು ಬಿಗಿಯಾಗಿ ಹಿಡಿದಿತ್ತು.